ಪಟ್ಟಿಯಲ್ಲಿ ದಪ್ಪಗಾದ ಗುಂಡಮ್ಮ

“ಹದಿನೈದೇ ದಿನ! ಈ ಹಕ್ಕೀನ ತೊಂಬತ್ತು ಗ್ರಾಂನಿಂದ ನೂರಮೂವತ್ತಕ್ಕೆ ಏರಿಸದಿದ್ರೆ ನನ್ನ ಮೀಸೆ ಬೋಳಿಸ್ಕೋತೀನಿ!”

ಊಟದ ಮೇಜಿನ ಮುಂದೆ ಹೀಗೆ ಘೋರ ಪ್ರತಿಜ್ಞೆ ಮಾಡಿದವರು ಮಕ್ಕಳ ಪೌಷ್ಟಿಕ ಆಹಾರ ಇಲಾಖೆಯ ಮೇಲ್ವಿಚಾರಕರು. ಅವರ ಸುಪರ್ದಿಯಲ್ಲಿ ಹದಿನಾಲ್ಕು ಶಿಶುಕೇಂದ್ರ, ಆರುನೂರು ಮಕ್ಕಳು. ಕಡತದ ಪ್ರಕಾರ ಅಷ್ಟೂ ಮಕ್ಕಳು ತಿಂಗಳು ತಿಂಗಳೂ ಕುಂಬಳಕಾಯಿಯಂತೆ ಊದುತ್ತಿದ್ದರು. ಅಂಥವರಿಗೆ ಮಗಳು ಸಾಕಿದ ಅಂಗೈಯಗಲದ ಲಾವಕ್ಕಿ ಯಾವ ಲೆಕ್ಕ? ಹೆಸರೇನೋ ಗುಂಡಮ್ಮ; ಮುಟ್ಟಿದರೆ ಎದೆಮೂಳೆ ಕತ್ತಿಯ ಅಲಗಿನಂತೆ ಬೆರಳಿಗೆ ತಾಗುತ್ತಿತ್ತು.

ಫ್ರಿಜ್ಜಿನ ಬಾಗಿಲಿಗೆ ತೂಕದ ಪಟ್ಟಿ ಅಂಟಿತು. ಅಡುಗೆಮನೆಯ ಪುಟ್ಟ ತಕ್ಕಡಿ ಪಂಜರದ ಪಕ್ಕಕ್ಕೆ ಬಂತು. ಮೊದಲ ದಿನ ಸಾಹೇಬರು ಖುದ್ದಾಗಿ ತೂಗಿದರು. ಗುಂಡಮ್ಮ ತಕ್ಕಡಿಯಿಂದ ಹಾರಿ, ಗ್ಯಾಸ್ ಒಲೆ ದಾಟಿ, ಆಗಷ್ಟೇ ಇಸ್ತ್ರಿ ಮಾಡಿದ ಅಂಗಿಯ ಜೇಬಿಗೇ ಗುರಿಯಿಟ್ಟು ತನ್ನ ಅಭಿಪ್ರಾಯ ದಾಖಲಿಸಿದಳು!

“ಇದೆಲ್ಲ ಕೆಳಹಂತದ ಕೆಲಸ. ನಾಳೆಯಿಂದ ನೀನೇ ತೂಗಿ ಬರಿ,” ಎಂದು ಹೆಂಡತಿಗೆ ಅಧಿಕಾರ ಹಸ್ತಾಂತರವಾಯಿತು.

ನಾಲ್ಕನೇ ದಿನ ಆಕೆ ಬಂದು, “ರೀ, ಎಂಬತ್ತೇಳಕ್ಕೆ ಇಳಿದಿದೆ. ಡಾಕ್ಟರಿಗೆ ತೋರಿಸೋಣ,” ಎಂದರು.

“ಇಳಿಯೋದಾ? ಇಡೀ ಇಡೀ ಗೋಡಂಬಿ ಹಾಕ್ತಿದೀನಿ! ನಿಂಗೆ ತೂಗೋಕೆ ಬರಲ್ಲ ಅಷ್ಟೇ. ದಿನಕ್ಕೆ ಮೂರು ಗ್ರಾಂ ಏರಬೇಕು!”

“ಏರದಿದ್ರೆ?”

“ಏರದಿದ್ರೆ ಅನ್ನೋ ಕಾಲಮ್ಮೇ ಇಲ್ಲ ಪಟ್ಟೀಲಿ!”

ಆಮೇಲೆ ನೋಡಿ, ಪಟ್ಟಿ ಏರಿದ್ದೇ ಏರಿದ್ದು. ತೊಂಬತ್ತೊಂಬತ್ತು, ನೂರೆರಡು, ನೂರೈದು! ಸಾಹೇಬರು ಅದರ ಫೋಟೊ ತೆಗೆದು ಕಚೇರಿಯಲ್ಲೆಲ್ಲ ತೋರಿಸಿ ಬೀಗಿದರು. “ಆ ಪಟ್ಟಿ ಬಿಟ್ಟು ಒಂದ್ಸಲ ಹಕ್ಕಿ ಕಡೆ ನೋಡ್ರೀ,” ಎಂದು ಹೆಂಡತಿ ಅಂಗಲಾಚಿದರೂ ತಿರುಗಿ ನೋಡಲಿಲ್ಲ. ಪಟ್ಟಿ ಇರುವಾಗ ಹಕ್ಕಿ ಯಾಕೆ?

ಹನ್ನೆರಡನೇ ದಿನ ಗುಂಡಮ್ಮ ರೆಕ್ಕೆ ಜೋತುಬಿಟ್ಟು, ಕಣ್ಣು ಮುಚ್ಚಿ ಮೂಲೆಯಲ್ಲಿ ಕೂತುಬಿಟ್ಟಳು. ಮಗಳು ಅಳುತ್ತಲೇ ಹಕ್ಕಿಯನ್ನು ಚಪ್ಪಲಿ ಡಬ್ಬದಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಓಡಿದಳು. ಹಿಂದೆ ತಾಯಿ. ತಾಯಿಯ ಹಿಂದೆ, ಪಟ್ಟಿ ಹಿಡಿದ ಸಾಹೇಬರು.

ವೈದ್ಯರು ತೂಗಿದರು. “ಎಪ್ಪತ್ತೊಂದು.”

“ನಿಮ್ಮ ತಕ್ಕಡಿ ಕೆಟ್ಟಿದೆ! ನೋಡಿ ಇಲ್ಲಿ, ನಿನ್ನೆ ನೂರಿಪ್ಪತ್ತು!”

“ಸ್ವಾಮಿ, ಇದರ ಹೊಟ್ಟೆ ತುಂಬ ಹುಳ. ಇಡೀ ಗೋಡಂಬಿ ಈ ಕೊಕ್ಕಿಗೆ ಬಂಡೆ ಇದ್ದ ಹಾಗೆ. ಇನ್ನೆರಡು ದಿನ ಬಿಟ್ಟಿದ್ರೆ ನಿಮಗೆ ಪಟ್ಟಿ ಮಾತ್ರ ಉಳೀತಿತ್ತು.”

ಸಾಹೇಬರು ಹೆಂಡತಿಯ ಮೇಲೆ ಹರಿಹಾಯ್ದರು. “ಸುಳ್ಳು ಬರೆದ್ಯಾ?”

“ನಿಜ ಹೇಳಿದಾಗ ಬೈದ್ರಿ. ಭಾನುವಾರ ಸೋಫಾ ಮೇಲೆ ಒರಗಿಕೊಂಡೇ ಆರುನೂರು ಮಕ್ಕಳ ತೂಕ ಬರೀತೀರಲ್ಲ, ಅದನ್ನ ನೋಡಿ ಕಲಿತೆ. ಆದ್ರೆ ನಾನು ದಿನಾ ಹಕ್ಕಿ ಮುಖ ನೋಡ್ತಿದ್ದೆ ರೀ. ನೀವು ಆ ಮಕ್ಕಳ ಮುಖ ನೋಡಿದ್ದು ನನಗಂತೂ ಗೊತ್ತಿಲ್ಲ.”

ಹುಳದ ಔಷಧಿ, ನುಣ್ಣಗೆ ಪುಡಿಮಾಡಿದ ಕಾಳು, ಬೇಯಿಸಿದ ಮೊಟ್ಟೆಯ ಚೂರು, ಬೆಚ್ಚನೆಯ ಜಾಗ. ಮೂರನೇ ದಿನ ಗುಂಡಮ್ಮ ಕಣ್ಣು ಬಿಟ್ಟಳು. ಐದನೇ ದಿನ ಎರಡು ಗ್ರಾಂ ಏರಿದಳು. ಸಾಹೇಬರು ಆಸೆಯಿಂದ ತಕ್ಕಡಿಗೆ ಕೈಚಾಚಿದರೆ ಮಗಳು ಅಡ್ಡ ನಿಂತಳು.

“ನೀನು ಬೇಡಪ್ಪಾ. ನಾನೇ ತೂಗ್ತೀನಿ.”

ಆ ಮಾತು ಅವರನ್ನು ಮನೆಯಲ್ಲಿ ಕೂರಗೊಡಲಿಲ್ಲ. ಮಾರನೆಯ ಬೆಳಿಗ್ಗೆಯೇ, ಮುನ್ಸೂಚನೆ ಕೊಡದೆ, ಹತ್ತಿರದ ಶಿಶುಕೇಂದ್ರಕ್ಕೆ ನುಗ್ಗಿದರು. ಸಾಲಾಗಿ ಕೂತ ಮಕ್ಕಳ ಮಣಿಕಟ್ಟುಗಳು ಕಡ್ಡಿಯಂತಿದ್ದವು. ಹನ್ನೊಂದು ವರ್ಷದ ನೌಕರಿಯಲ್ಲಿ ಮೊದಲ ಸಲ ಅವು ಸಾಹೇಬರ ಕಣ್ಣಿಗೆ ಬಿದ್ದವು.

“ಇವತ್ತು ಎಲ್ಲ ಮಕ್ಕಳ ತೂಕ ಬೇಕಮ್ಮಾ. ಸರಿಯಾದ ತೂಕ!”

ಕೇಂದ್ರದ ಟೀಚರು ತಡಬಡಿಸಿ ಎದ್ದು, ಪೆನ್ನಿನ ಮುಚ್ಚಳ ತೆಗೆದು, ಬಹಳ ವಿನಯದಿಂದ ಕೇಳಿದರು:

“ಹೇಳಿ ಸಾರ್, ಎಷ್ಟೆಷ್ಟು ಬರೀಲಿ?”