ದುಬೈಗೆ ಇಳಿಜಾರು

ಮನೆಯಲ್ಲೊಬ್ಬರು ಗಲ್ಫಿನಲ್ಲಿದ್ದರೆ ಉಳಿದವರು ವಿಮಾನದ ಲೆಕ್ಕ ಹಾಕುತ್ತಲೇ ಇರುತ್ತಾರೆ, ಲೆಕ್ಕ ತಪ್ಪುತ್ತಲೂ ಇರುತ್ತದೆ. ನನ್ನ ತಮ್ಮ ದುಬೈಯಲ್ಲಿದ್ದ. ನಾನು ಶಾಲೆಯಲ್ಲಿ ಭೂಗೋಳ ಕಲಿಸುವವಳು. ಹಾಗಾಗಿ ಮಂಗಳೂರಿನ ಬೋಳಾರದ ನಮ್ಮ ಮನೆಯಲ್ಲಿ ಅಮ್ಮನ ಪ್ರಶ್ನೆಗಳೆಲ್ಲ ನನಗೇ: ಮಗ ಎಷ್ಟು ದೂರದಲ್ಲಿದ್ದಾನೆ, ಬರಲು ಎಷ್ಟು ಹೊತ್ತು ಬೇಕು? ಈ ವರ್ಷ ಕೇಳುವವರಿಲ್ಲ.

ಗುಡ್ಡ

ತಮ್ಮ ಒಮ್ಮೆ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿಂದ ಹೊರಟು, ಹನ್ನೊಂದಕ್ಕೆ ದುಬೈಯಲ್ಲಿ ಇಳಿದೆ ಎಂದು ಫೋನ್ ಮಾಡಿದ. ಮುಂದಿನ ರಜೆಗೆ ಅಲ್ಲಿಂದ ಒಂಬತ್ತಕ್ಕೆ ಹೊರಟವನು ಇಲ್ಲಿ ಇಳಿಯುವಾಗ ಮಧ್ಯಾಹ್ನ ಎರಡು.

"ಹೋಗುವಾಗ ಎರಡು ಗಂಟೆ, ಬರುವಾಗ ಐದು. ಎಂತ ಇದು?" ಎಂದರು ಅಮ್ಮ.

ನಾನು ತೆಂಗಿನಕಾಯಿ ತಿರುಗಿಸಿ ತೋರಿಸಿದೆ. ಅಲ್ಲಿಯ ಗಡಿಯಾರ ಒಂದೂವರೆ ಗಂಟೆ ಹಿಂದೆ. ಪ್ರಯಾಣ ಹೋಗುವಾಗಲೂ ಬರುವಾಗಲೂ ಮೂರೂವರೆ ಗಂಟೆಯೇ. ಅಮ್ಮ ಪೂರ್ತಿ ಕೇಳಿದರು.

"ಅಷ್ಟೆಲ್ಲ ಎಂತಕ್ಕೆ ಟೀಚರೇ? ನಮ್ಮ ವಿಮಾನ ನಿಲ್ದಾಣ ಗುಡ್ಡದ ಮೇಲೆ ಉಂಟು. ಹೋಗುವಾಗ ಇಳಿಜಾರು, ಬರುವಾಗ ಹತ್ತಬೇಕಲ್ಲ!"

ಭೂಮಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗಿ ಸಾರಿಗೆ ತುರಿದರು.

ಹಿಡಿಸೂಡಿ

ದೂರ ಹೊರಟವರು ತಲುಪುವ ತನಕ ಮನೆಯವರು ಹಿಡಿಸೂಡಿ ಹಿಡಿದು ಗುಡಿಸಬಾರದು ಎಂಬುದು ಅಮ್ಮನ ಕಟ್ಟುನಿಟ್ಟು. ನಮಗೂ ಪಕ್ಕದ ಮನೆಯಾಕೆಗೂ ಅಂಗಳ ಒಂದೇ. ಒಮ್ಮೆ ತಮ್ಮ ಹೊರಟ ದಿನವೇ ಆಕೆಯ ಮಗಳು ಮುಂಬೈ ಮಾರ್ಗವಾಗಿ ದೋಹಾಕ್ಕೆ ಹೊರಟಳು. ಅಂಗಳದ ತುಂಬ ಮಾವಿನ ಎಲೆ. ಎರಡು ಮನೆಯ ಹಿಡಿಸೂಡಿಗಳೂ ಮೂಲೆಯಲ್ಲಿ.

"ನಿಮ್ಮದು ಇಳಿಯಿತಾ?" ಎಂದು ಆಕೆ ಕೂಗಿದಳು.

"ಇಳಿಯಿತು. ನಿನ್ನದು?"

"ಮುಂಬೈಯಲ್ಲಿ ಕೂತಿದೆ ಮಾರಾಯ್ರೆ!"

"ಹಾಗಾದರೆ ನನ್ನ ಅರ್ಧ ನಾನು ಗುಡಿಸ್ತೇನೆ."

ಅಮ್ಮ ಸರಿಯಾಗಿ ಅರ್ಧ ಗುಡಿಸಿ ಸೊಂಟ ನೆಟ್ಟಗೆ ಮಾಡುವಾಗ ಗಾಳಿ ಬಂತು.

"ಏ, ನಿನ್ನ ಮಗಳ ಎಲೆ ಎಲ್ಲ ನನ್ನ ಮಗನ ಕಡೆಗೆ ಬರ್ತಾ ಉಂಟು, ಹಿಡಿ!"

ಕಣ್ಣೂರು

ಅಮ್ಮನನ್ನು ಫಳ್ನೀರಿನ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, "ಮಗನಿಗೆ ಬೇಗ ಬರಲು ಹೇಳಿ" ಎಂದರು. ಮಂಗಳೂರಿನ ವಿಮಾನದಲ್ಲಿ ಸೀಟಿರಲಿಲ್ಲ. ತಮ್ಮ ಕೇರಳದ ಕಣ್ಣೂರಿಗೆ ಬಂದಿಳಿದು ಕಾರು ಹಿಡಿದ. ಹೆದ್ದಾರಿಯಲ್ಲಿ ಕಾಮಗಾರಿ.

"ಅಕ್ಕಾ, ಸಮುದ್ರ ದಾಟಿದ್ದಕ್ಕಿಂತ ಹೆಚ್ಚು ಹೊತ್ತಾಯಿತು, ಇನ್ನೂ ಕಾಸರಗೋಡು!" ಎಂದು ಫೋನಿನಲ್ಲಿ ಅತ್ತ. ಇಲ್ಲಿ ಅಮ್ಮ ಮೂರೂವರೆ ಗಂಟೆಯ ನನ್ನ ಲೆಕ್ಕವನ್ನು ನಂಬಿ ಬಾಗಿಲನ್ನೇ ನೋಡುತ್ತಿದ್ದರು. ಆಕಾಶದ ದೂರ ಹೇಳಿದವಳಿಗೆ ರಸ್ತೆಯದು ಹೇಳಲು ಬಾಯಿ ಬರಲಿಲ್ಲ.

ಕೊನೆಗೂ ಬಂದ. ಮಂಚದ ಬದಿಯಲ್ಲಿ ಕೂತ. ಅಮ್ಮ ಕಣ್ಣು ಬಿಟ್ಟು, ಗಲ್ಫಿನಿಂದ ಬಂದವರನ್ನು ಊರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದರು.

"ವಾಪಸು ಯಾವಾಗ ಮಗಾ?"

"ಇನ್ನು ಹೋಗುವುದಿಲ್ಲ ಅಮ್ಮಾ. ಇಲ್ಲೇ ಇರ್ತೇನೆ."

ನಮ್ಮ ಹಿಂದೆ ಪಕ್ಕದ ಮನೆಯಾಕೆ ನಿಂತಿದ್ದಳು. ಅಮ್ಮ ಗಾಬರಿಯಿಂದ ಆಕೆಯತ್ತ ಒಮ್ಮೆ ನೋಡಿ, ತಮ್ಮನ ಕೈ ಹಿಡಿದು ಎಳೆದರು. ಅವರು ಆಡಿದ ಕೊನೆಯ ಮಾತು ಇದೇ:

"ಮೆಲ್ಲ ಮಾತಾಡು ಮಾರಾಯ! ಕೇಳಿದವರಿಗೆ ಎರಡು ತಿಂಗಳು ರಜೆ ಅಂತ ಹೇಳು. ಇಲ್ಲದಿದ್ದರೆ ಕೆಲಸ ಹೋಗಿದೆ ಅಂತ ಹೇಳ್ತಾರೆ."