ರಾಣಿಯ ಕೆನ್ನೆಯ ಹೊಂಬಣ್ಣ

ಗಂಡಸಿಗೆ ಒಂದಾದರೂ ಹಟ ಇರಬೇಕು, ಇಲ್ಲದಿದ್ದರೆ ಮನೆಯಲ್ಲಿ ಯಾರೂ ಅವನನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ನನ್ನ ಸ್ವಭಾವ ಮೊದಲಿಂದಲೂ ಮೆತ್ತಗೆ. ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತರೂ ಕುಡಿಯುತ್ತೇನೆ, ಬಸ್ಸಿನಲ್ಲಿ ಕಾಲು ತುಳಿದವರಿಗೆ ನಾನೇ ಸಾರಿ ಹೇಳುತ್ತೇನೆ. ಹೀಗಿರುವಾಗ ಹಟಕ್ಕೆ ಅಂತ ಏನನ್ನಾದರೂ ಹುಡುಕಿಕೊಳ್ಳಬೇಕಾಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಅದು ತಾನಾಗಿಯೇ ಸಿಕ್ಕಿತು. ಬಣ್ಣ ಹಚ್ಚಿದ ನಾಣ್ಯ! ಅದನ್ನು ಕಂಡರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು.

ಇದಕ್ಕೆ ನನ್ನ ಉದ್ಯೋಗವೂ ಕಾರಣ ಅನ್ನಿ. ನಂಜನಗೂಡಿನ ಕಚೇರಿಯೊಂದರ ದಾಖಲೆ ಕೋಣೆಯಲ್ಲಿ ನಾನು ಗುಮಾಸ್ತ. ಹಳೆಯ ಪಹಣಿ, ಖಾತೆ, ಜಿರಲೆ, ದೂಳು, ಇಷ್ಟರ ನಡುವೆ ಇಪ್ಪತ್ತು ವರ್ಷ ಕೂತವನಿಗೆ ಒಂದು ವಿಷಯ ರಕ್ತಗತವಾಗಿಬಿಡುತ್ತದೆ: ಬರೆದದ್ದನ್ನು ಆಮೇಲೆ ಯಾರೂ ಮುಟ್ಟಕೂಡದು. ನಾಣ್ಯಗಳ ವಿಷಯದಲ್ಲೂ ನನ್ನದು ಅದೇ ಕಾನೂನು. ಟಂಕಸಾಲೆಯಿಂದ ಹೇಗೆ ಹೊರಗೆ ಬಂತೋ ಹಾಗೇ ಇರಬೇಕು, ಉಳಿದದ್ದನ್ನು ಕಾಲ ನೋಡಿಕೊಳ್ಳುತ್ತದೆ. ನಮ್ಮದೊಂದು ನಾಣ್ಯ ಸಂಗ್ರಹಕಾರರ ಬಳಗವಿತ್ತು. ಬಳಗ ಅಂದರೆ ನಾಲ್ಕೇ ಜನ. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ನಡುಮನೆಯಲ್ಲಿ ಸೇರುತ್ತಿದ್ದೆವು. ಬೇರೆ ಯಾರೂ ಒಪ್ಪದ್ದರಿಂದ ನಾನೇ ಕಾರ್ಯದರ್ಶಿ.

ನನ್ನ ಸಂಗ್ರಹದ ಕಿರೀಟ ಅಂದರೆ ರಾಣಿಯ ತಲೆ ಇರುವ ಒಂದು ಬೆಳ್ಳಿ ರೂಪಾಯಿ. ಮದುವೆಯಾದ ಹೊಸದರಲ್ಲಿ ಅತ್ತೆಯವರು ನನ್ನ ಹೆಂಡತಿ ಗಿರಿಜೆಗೆ ಕೊಟ್ಟದ್ದು. ದೇವರ ಮನೆಯಲ್ಲಿ ಗಂಟೆಯ ಪಕ್ಕದಲ್ಲಿ ಬಿದ್ದಿತ್ತು. ಅಂಥ ಅಪರೂಪದ ವಸ್ತು ಎಣ್ಣೆ ಜಿಡ್ಡಿನಲ್ಲಿ ಹಾಳಾಗುತ್ತಲ್ಲ ಎಂದು ಅದನ್ನು 'ರಕ್ಷಿಸಿ' ಬಿಳಿಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಗಿರಿಜೆ ಆಗ ಒಂದು ಮಾತೂ ಆಡಲಿಲ್ಲ. ಹೆಂಗಸರು ಸುಮ್ಮನಿದ್ದರೆ ಒಪ್ಪಿದ್ದಾರೆ ಅಂತ ತಿಳಿಯುವ ವಯಸ್ಸು ಅದು. ಇಟ್ಟಾಗ ಹಾಲಿನ ಹಾಗೆ ಬೆಳ್ಳಗಿದ್ದ ರೂಪಾಯಿಗೆ ಹತ್ತು ವರ್ಷದಲ್ಲಿ ಏನು ಕಳೆ ಬಂತು ಅಂತೀರಿ! ರಾಣಿಯ ಕೆನ್ನೆಯ ಮೇಲೆ ತೆಳುವಾದ ಹೊಂಬಣ್ಣ, ಹಣೆಯ ಹತ್ತಿರ ಒಂದು ಚೂರು ಕೆಂಪು. ಕುತ್ತಿಗೆಯ ಸಂದಿನಲ್ಲಿ ಇನ್ನೂ ಗಾಢ. ಭೂತಗನ್ನಡಿ ಹಿಡಿದು ಬಂದವರಿಗೆಲ್ಲ ತೋರಿಸುತ್ತಿದ್ದೆ. "ಇದು ಕಾಲ ಬಳಿದ ಬಣ್ಣ ಕಣ್ರೀ. ಇಟ್ಟುಕೊಳ್ಳುವ ರೀತಿಯಲ್ಲಿ ಇಟ್ಟುಕೊಂಡರೆ ಬೆಳ್ಳಿ ಹೀಗೆ ಮಾಗುತ್ತೆ" ಎಂದು ಹೇಳುವಾಗ ನನ್ನ ಎದೆ ಒಂದು ಗೇಣು ಮುಂದೆ ಬರುತ್ತಿತ್ತು.

ಇಂಥ ಸಭೆಗೆ ಒಂದು ಭಾನುವಾರ ಶಿವಮಲ್ಲಪ್ಪ ಬಣ್ಣದ ನಾಣ್ಯ ತಂದ. ಶಿವಮಲ್ಲಪ್ಪ ತಿ. ನರಸೀಪುರದ ಅರಿಶಿನದ ವ್ಯಾಪಾರಿ, ನಮ್ಮ ಬಳಗದಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವನು. ಹನ್ನೆರಡು ವರ್ಷದಿಂದ ಒಂದು ವಾರ ತಪ್ಪಿಸದೆ ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದ. ಅವನು ಒಳಗೆ ಬರುವ ಮುಂಚೆ ಅವನ ಅಂಗಿಯ ಅರಿಶಿನದ ಘಮ ಬರುತ್ತಿತ್ತು. ಅವತ್ತು ಜೇಬಿನಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು, ಮದುಮಗಳ ಮುಖ ತೋರಿಸುವವನ ಹಾಗೆ ಮೆಲ್ಲಗೆ ಮುಚ್ಚಳ ಸರಿಸಿದ. ಯಾವುದೋ ದ್ವೀಪ ದೇಶದ ಬೆಳ್ಳಿ ನಾಣ್ಯ. ಅದರ ಮೇಲೆ ನೀಲಿ ರೆಕ್ಕೆ, ಕಿತ್ತಳೆ ಎದೆಯ ಮಿಂಚುಳ್ಳಿ.

"ನೋಡಿ ಸಾ, ನಮ್ ಒಳೇಲಿ ಕುಂತಿರೋ ತರಾನೇ ಅದೆ! ಇನ್ನೇನ್ ಮೀನ್ ಇಡಿಯಕ್ಕೆ ಧುಮುಕ್ತದೆ" ಅಂದ.

ನಾನು ಮುಖ ಸಿಂಡರಿಸಿದೆ. ದೇವನೂರಿನ ರಾಜಣ್ಣ ಮೇಷ್ಟ್ರು ಕನ್ನಡಕ ಏರಿಸಿ, "ಟಂಕಸಾಲೆಯವರೇ ಬಣ್ಣ ಹಾಕಿದ್ದರೆ ಅದು ನಾಣ್ಯ. ಆಮೇಲೆ ಅಂಗಡಿಯವನು ಹಾಕಿದ್ದರೆ ಆಟದ ಸಾಮಾನು" ಎಂದು ಎರಡೂ ಕಡೆಗೆ ಆಗುವಂತೆ ತೀರ್ಪು ಕೊಟ್ಟರು. ಕಂಡಕ್ಟರ್ ಮಹದೇವನ ಅಭಿಪ್ರಾಯ ಇನ್ನೂ ಸರಳ. "ಬಸ್ಸಲ್ಲಿ ಇದನ್ನ ಕೊಟ್ರೆ ನಾನ್ ಇಸ್ಕೊಳಲ್ಲ ಸಾ. ಆದ್ರೆ ಚೆನ್ನಾಗದೆ." ಶಿವಮಲ್ಲಪ್ಪನಿಗೆ ಟಂಕಸಾಲೆಯೂ ಬೇಡ, ಅಂಗಡಿಯೂ ಬೇಡ. "ನನ್ ಕಣ್ಣಿಗೆ ಸಂತೋಸ ಆಯ್ತದೆ, ಇನ್ನೇನ್ ಬೇಕು?" ಅಂದ.

ಸಂತೋಷವಂತೆ! ನನಗೆ ರೇಗಿತು. ಮುಂದಿನ ತಿಂಗಳು ಶಾಲೆಯೊಂದರಲ್ಲಿ ನಮ್ಮ ಬಳಗದ ಮೊದಲ ಪ್ರದರ್ಶನವಿತ್ತು. ಅಲ್ಲಿ ಈ ಮಿಂಚುಳ್ಳಿ ಬಂದು ಕೂತರೆ ನನ್ನ ರಾಣಿಯ ಮರ್ಯಾದೆ ಏನಾಗಬೇಕು? ಆ ಕ್ಷಣವೇ ಕಾಗದ ತೆಗೆದು ಕಚೇರಿ ಭಾಷೆಯಲ್ಲಿ ನಿಯಮ ಬರೆದೆ: 'ಮೇಲಿನಿಂದ ಯಾವುದೇ ಬಣ್ಣ ಲೇಪಿಸಿದ ನಾಣ್ಯಕ್ಕೆ ಪ್ರದರ್ಶನದಲ್ಲಿ ಪ್ರವೇಶವಿರುವುದಿಲ್ಲ.' ಮುಂದಿನ ಭಾನುವಾರ ಎಲ್ಲರೂ ಸಹಿ ಹಾಕಬೇಕು ಅಂದೆ. ಶಿವಮಲ್ಲಪ್ಪ ಡಬ್ಬಿ ಮುಚ್ಚಿದ. "ಸಹಿ ಆಕ್ತೀನಿ ಸಾ. ಆಕ್ಬುಟ್ಟು ಇನ್ ಬರಕ್ಕಿಲ್ಲ" ಎಂದು ಕಾಫಿಯನ್ನೂ ಕುಡಿಯದೆ ಎದ್ದುಹೋದ.

ಆ ವಾರ ನನಗೆ ಊಟ ಸೇರಲಿಲ್ಲ. ನಿಜ ಹೇಳುತ್ತೇನೆ, ಅವನಿಲ್ಲದ ಭಾನುವಾರ ನೆನೆಸಿಕೊಂಡರೇ ಸಂಕಟವಾಗುತ್ತಿತ್ತು. ಆದರೆ ಬದುಕಿನಲ್ಲಿ ಸಿಕ್ಕ ಒಂದೇ ಒಂದು ಹಟವನ್ನು ಬಿಡುವುದು ಹೇಗೆ? ಗಿರಿಜೆ ಮಾತ್ರ, "ಪಾಪ, ಹಕ್ಕಿ ಬೊಂಬೆ ಇದ್ದರೆ ನಿಮಗೇನ್ರೀ ಕಷ್ಟ?" ಅಂದಳು. ನಿನಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ.

ಭಾನುವಾರ ಬಂತು. ಶಿವಮಲ್ಲಪ್ಪನೂ ಬಂದ, ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕತೊಡಗಿದ. ನಾನು ಕೊನೆಯ ಸಾಕ್ಷಿಯಾಗಿ, ಅಲ್ಲಿಯವರೆಗೆ ಯಾರಿಗೂ ಮುಟ್ಟಲು ಕೊಡದಿದ್ದ ರಾಣಿಯನ್ನು ಬೀರುವಿನಿಂದ ತಂದು ಅವನ ಕೈಗೇ ಕೊಟ್ಟೆ. "ನೋಡಿ ಶಿವಮಲ್ಲಪ್ಪನೋರೇ, ಮನುಷ್ಯ ಬಳಿದ ಬಣ್ಣಕ್ಕೂ ಕಾಲ ಬಳಿದ ಬಣ್ಣಕ್ಕೂ ಇರುವ ವ್ಯತ್ಯಾಸ!"

ಅವನು ನೋಡಲಿಲ್ಲ, ಮೂಸಿದ. ಇನ್ನೊಂದು ಸಲ ಮೂಸಿದ. ಹುಬ್ಬು ಮೇಲೇರಿತು. "ಅಂಚಿಗೆ ಒಸಿ ಮುಟ್ಲಾ ಸಾ?" ಎಂದು ಕೇಳಿ, ನಾನು ಹೂಂ ಅನ್ನುವ ಮೊದಲೇ ಸುಣ್ಣದ ಡಬ್ಬಿಗೆ ಬೆರಳು ಅದ್ದಿ ರಾಣಿಯ ಕತ್ತಿನ ಕೆಳಗೆ ಒಂದು ಚುಕ್ಕೆ ಇಟ್ಟ. ನಾನು ಅಯ್ಯೋ ಅನ್ನುವುದರೊಳಗೆ ಆ ಹೊಂಬಣ್ಣ ನಮ್ಮ ಕಣ್ಣೆದುರಿಗೇ ಕೆಂಪಾಯಿತು, ಥೇಟ್ ಆರತಿ ತಟ್ಟೆಯ ನೀರಿನ ಹಾಗೆ.

"ಇದು ಕಾಲ ಅಲ್ಲ ಸಾ, ಅರಿಸಿನ" ಅಂದ ಶಿವಮಲ್ಲಪ್ಪ. "ಅದ್ರಲ್ಲೂ ನಮ್ ಅಂಗ್ಡೀದೇ ಇರ್ಬೇಕು."

ಕಾಫಿ ತಂದ ಗಿರಿಜೆ ಬಾಗಿಲಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಹೆದರಿದ್ದಾಳೋ ತಿಳಿಯಲಿಲ್ಲ. ನಗುತ್ತಿದ್ದಳು. "ನಾನೇ ಕಣ್ರೀ. ಅಮ್ಮ ಕೊಟ್ಟ ಲಕ್ಷ್ಮಿ ಅಲ್ವಾ? ವರಮಹಾಲಕ್ಷ್ಮಿ ಹಬ್ಬಕ್ಕೆ ವರ್ಷಾವರ್ಷಾ ನೀವು ಕಚೇರಿಗೆ ಹೋದ ಮೇಲೆ ಬೀರುವಿಂದ ತೆಗೆದು, ತುಪ್ಪದಲ್ಲಿ ಅರಿಶಿನ ಕಲೆಸಿ ಕೆನ್ನೆಗೆ ಹಚ್ಚಿ, ಹಣೆಗೆ ಕುಂಕುಮ ಇಟ್ಟು ಪೂಜೆ ಮಾಡ್ತಿದ್ದೆ. ಆಮೇಲೆ ಒರೆಸಿ ಅದೇ ಬಟ್ಟೆಯಲ್ಲಿ ಸುತ್ತಿ ಇಡ್ತಿದ್ದೆ. ನೀವು ಮುಟ್ಟಬೇಡ ಅಂದಿದ್ರಿ, ಅದಕ್ಕೇ ಹೇಳಲಿಲ್ಲ."

ಹತ್ತು ವರ್ಷ! ಭೂತಗನ್ನಡಿ ಹಿಡಿದು ನಾನು ಹಾಡಿ ಹೊಗಳಿದ್ದು ನನ್ನ ಹೆಂಡತಿಯ ಉಂಗುರದ ಬೆರಳನ್ನು. ಮಹದೇವ ಮೊದಲು ನಕ್ಕ, ಮೇಷ್ಟ್ರು ಕೆಮ್ಮಿದಂತೆ ಮಾಡಿ ಕೊನೆಗೆ ತಾವೂ ನಕ್ಕರು. ನಗದೆ ಇದ್ದವನು ಶಿವಮಲ್ಲಪ್ಪ ಒಬ್ಬನೇ. ಅವನು ನಾಣ್ಯವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು, "ಕ್ಯಾಮೆ ಬಲು ಚಂದಾಗಿ ಮಾಡಿದ್ದೀರ ತಾಯಿ. ಆ ಮಿಂಚುಳ್ಳಿ ಮಾಡಿದೋನಿಗೂ ಹಿಂಗೆ ಬರಕ್ಕಿಲ್ಲ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಿ ಸಾ ಕಾಗ್ದ, ಸಹಿ ಆಕ್ತೀನಿ" ಎಂದು ಕೈ ಚಾಚಿದ.

ಆ ನಿಯಮದ ಪ್ರಕಾರ ಮೊದಲು ಹೊರಗೆ ಹೋಗಬೇಕಾದದ್ದು ನನ್ನ ರಾಣಿಯೇ! ಕಾಗದವನ್ನು ಮಡಿಚಿ ಮಡಿಚಿ ಕಾಫಿ ಲೋಟದ ಕೆಳಗಿಟ್ಟೆ. "ನೀವು ಬರದೆ ಇದ್ದರೆ ನನಗೆ ಭಾನುವಾರವೇ ಬೇಡ ಶಿವಮಲ್ಲಪ್ಪನೋರೇ" ಅಂದೆ. ಅವನು ತನ್ನ ಲೋಟವನ್ನೂ ತಂದು ಅದೇ ಕಾಗದದ ಮೇಲಿಟ್ಟ. ಪ್ರದರ್ಶನದಲ್ಲಿ ಮಿಂಚುಳ್ಳಿಯೂ ರಾಣಿಯೂ ಅಕ್ಕಪಕ್ಕ ಕೂತರು. ಜನ ಮಿಂಚುಳ್ಳಿಯನ್ನು ನೋಡಿ ಖುಷಿಪಟ್ಟರು. ರಾಣಿಗೆ ಮಾತ್ರ ಹೆಂಗಸರು ಕೈ ಮುಗಿದು ಹೋದರು, ಒಬ್ಬರಂತೂ ಮುಡಿಯಿಂದ ಮಲ್ಲಿಗೆ ತೆಗೆದು ಗಾಜಿನ ಮೇಲಿಟ್ಟರು.

ಆ ವರ್ಷದ ಶ್ರಾವಣದಲ್ಲಿ ರಾಣಿಯನ್ನು ನಾನೇ ಬೀರುವಿನಿಂದ ತೆಗೆದು ಗಿರಿಜೆಯ ಕೈಗೆ ಕೊಟ್ಟೆ. ದೇವರ ಮನೆಯ ಹೊಸ್ತಿಲ ಬಳಿ ಕೂತು, ಅವಳು ಅರಿಶಿನ ಕಲೆಸುವುದನ್ನು ನೋಡುತ್ತಿದ್ದೆ. ಕೊನೆಗೆ ತಡೆಯಲಾರದೆ ಭೂತಗನ್ನಡಿ ಹಿಡಿದು ಬಗ್ಗಿ ಹೇಳಿದೆ: "ಕಿವಿಯ ಹತ್ತಿರ ಸ್ವಲ್ಪ ತೆಳುವಾಗಿದೆ ಕಣೇ, ಈ ಸಲ ಅಲ್ಲಿಗೂ ಇನ್ನೊಂದು ಕೈ ಹಚ್ಚು."