ತಾರಾಬಾಯಿ ಆರಿಸಿದ ಕಂಡೆನ್ಸರ್

ಧನ್ಯಕುಮಾರನ ಗಿಟಾರಿನಲ್ಲಿ ಯಾವ ದೋಷವೂ ಇರಲಿಲ್ಲ. ಪಕ್ಕದ ಮನೆಯ ತಾರಾಬಾಯಿಗೆ ಅದರ ದನಿ ಹಿಡಿಸಲಿಲ್ಲ, ಅಷ್ಟೇ.

ಹಗಲು ಘಟಪ್ರಭಾದ ಗೊಬ್ಬರದಂಗಡಿಯಲ್ಲಿ ಗುಮಾಸ್ತಿಕೆ, ಸಂಜೆ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್. ಈ ಬಡಪಾಯಿಗೆ ಮೂವತ್ತು ದಾಟಿತ್ತು. ನೋಡಿ ಹೋದ ಹೆಣ್ಣಿನ ಕಡೆಯವರೆಲ್ಲ ‘ತಿಳಿಸ್ತೀವಿ’ ಎಂದವರು ಇನ್ನೂ ತಿಳಿಸಿರಲಿಲ್ಲ. ಈಗ ಮೂಡಲಗಿಯ ದಾದಾಸಾಹೇಬರು ತಾವಾಗಿಯೇ ತಾರಾಬಾಯಿಯ ಮೂಲಕ ಹೇಳಿ ಕಳಿಸಿದ್ದರು. ಮಗಳು ಮಯೂರಿಯ ಜತೆ ಇವತ್ತು ಸಂಜೆ ಗೋಕಾಕದ ಆರತಕ್ಷತೆಗೆ ಬಂದು, ಹುಡುಗನನ್ನು ವೇದಿಕೆಯ ಮೇಲೆಯೇ ನೋಡುವವರಿದ್ದರು. ಇದೂ ತಪ್ಪಿದರೆ ಇನ್ನು ಒಂಟಿ ಬಾಳೇ ಗತಿ ಎಂದು ಧನ್ಯಕುಮಾರ ಬೆಳಗ್ಗೆಯಿಂದ ಮಂಕಾಗಿ ಕೂತಿದ್ದ.

“ತಮ್ಮಾ, ದಾದಾಸಾಹೇಬ್ರು ಭಾಳ ಶಾಂತ ಮನಷ್ಯಾ. ನಿನ್ನ ಗಿಟಾರ್ ಕತ್ತರಿಗೆ ಸಾಣಿ ಹಿಡದಂಗ ಚೀರತೈತಿ. ದನಿ ಮೆತ್ತಗ ಮಾಡಸು,” ಎಂದರು ತಾರಾಬಾಯಿ.

“ಕಾಕು, ಅದು ಹಂಗಽ ಇರಬೇಕ್ರಿ.”

“ಅದು ಹಂಗಽ ಇತ್ತಂದ್ರ ನೀನೂ ಹಿಂಗಽ ಇರ್ತಿ.”

ಈ ಮಾತು ಸರಿಯಾಗಿ ನಾಟಿತು. ಗಿಟಾರ್ ಹೊತ್ತು ಅಣ್ಣಪ್ಪನ ರೇಡಿಯೊ ರಿಪೇರಿ ಅಂಗಡಿಗೆ ನಡೆದ. ಹಿಂದೆಯೇ ತಾರಾಬಾಯಿಯೂ ಹೊರಟರು.

ಅಣ್ಣಪ್ಪ ಗಿಟಾರಿನ ಹೊಟ್ಟೆ ಬಿಚ್ಚಿ, ದನಿಯ ಚೂಪು ಹೆಚ್ಚು ಕಡಿಮೆ ಮಾಡುವ ಟೋನ್ ನಾಬಿಗೆ ಅಂಟಿದ್ದ ಕಾಳಿನಷ್ಟು ಚಿಕ್ಕ ವಸ್ತುವನ್ನು ತೋರಿಸಿದ. “ಇದು ಕಂಡೆನ್ಸರ್ ರಿ. ತಂತಿ ಕೆಳಗಿನ ಪಿಕಪ್ಪಿನಿಂದ ಬರೂ ದನ್ಯಾಗಿನ ಚೂಪು ಇದರಾಗ ಸೋರಿ ಹೋಗತೈತಿ. ನಂಬರ್ ದೊಡ್ಡದಾದಂಗ ಚೂಪು ಹೆಚ್ಚು ಹೋಗಿ, ದನಿ ದಪ್ಪ ಆಗತೈತಿ. ಈಗ ಪಾಯಿಂಟ್ ಝೀರೊ ಟೂ ಟೂ ಐತಿ. ಪಾಯಿಂಟ್ ಝೀರೊ ಫೋರ್ ಸೆವೆನ್ ಹಾಕಿ ನೋಡೂಣು.”

ಹಾಕಿ, ನಾಬನ್ನು ಕೆಳಗಿಳಿಸಿ, ಹಳೆಯ ರೇಡಿಯೊಗೆ ಜೋಡಿಸಿ ಮೀಟಿದರೆ ಹದವಾದ ಮೃದು ದನಿ. ಧನ್ಯಕುಮಾರನಿಗೇ ಖುಷಿಯಾಯಿತು.

“ಇನ್ನೂ ಚುಚ್ಚತೈತಿ,” ಎಂದರು ತಾರಾಬಾಯಿ.

ಅಣ್ಣಪ್ಪ ಪಾಯಿಂಟ್ ಒನ್ ಹಾಕಿದ.

“ಇನ್ನೂ.”

ಪಕ್ಕದ ಅಂಗಡಿಯ ಮೋಟಾರ್ ಮೆಕ್ಯಾನಿಕ್ ಭೀಮಶಿಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಹೆಬ್ಬೆರಳಿನಷ್ಟು ದಪ್ಪನೆಯ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟ. “ಕಾಳಿನಂಥವ್ನ ಹಚ್ಚಿ ಏನ್ ಮಾಡ್ತಿ? ಇದನ್ನ ಹಚ್ಚು.”

“ಇದು ಫ್ಯಾನಿನ ಕಂಡೆನ್ಸರ್ರೋ ಮಾರಾಯಾ!” ಎಂದ ಅಣ್ಣಪ್ಪ.

“ಅಷ್ಟು ದೊಡ್ಡ ಫ್ಯಾನ್ ತಿರಗಸ್ತೈತಿ, ಒಂದು ಗಿಟಾರ್ ಸುಮ್ಮನಿರ್ಸಂಗಿಲ್ಲೇನು?”

ಡಬ್ಬಿಯ ಗಾತ್ರಕ್ಕೇ ತಾರಾಬಾಯಿ ಮರುಳಾದರು. “ಇದು ನೋಡು, ಕಂಡೆನ್ಸರ್ ಅಂದ್ರ!” ಧನ್ಯಕುಮಾರ ಬೇಡವೆನ್ನಲು ಬಾಯಿ ತೆರೆದ. ಸಂಬಂಧಕ್ಕೆ ಮಾತನಾಡುವವರೇ ಮುನಿಸಿಕೊಂಡರೆ ಗತಿಯೇನೆಂದು ಮುಚ್ಚಿಕೊಂಡ. ಡಬ್ಬಿ ಒಳಗೆ ಹಿಡಿಸಲಿಲ್ಲ. ಅಣ್ಣಪ್ಪ ಗೊಣಗುತ್ತಲೇ ಅದನ್ನು ಗಿಟಾರಿನ ಬೆನ್ನಿಗೆ ಟೇಪು ಸುತ್ತಿ ಕಟ್ಟಿದ.

ವೇದಿಕೆಯಲ್ಲಿ ನಾಬನ್ನು ಪೂರ್ತಿ ಮೇಲಕ್ಕೆ ತಿರುಗಿಸಿದರೆ ಹಳೆಯ ದನಿಯೇ ಸಿಗುತ್ತದೆ, ತಾರಾಬಾಯಿಗೇನು ಗೊತ್ತಾಗುತ್ತದೆ ಎಂದು ಅವನ ಒಳಗಿನ ಲೆಕ್ಕಾಚಾರ. ಗೋಕಾಕದ ಬಸ್ಸಿನಲ್ಲಿ ಯಾರದೋ ಟ್ರಂಕು ಜಾರಿ ನಾಬಿನ ಮೇಲೆಯೇ ಬಿತ್ತು. ನಾಬು ಕೆಳತುದಿಯಲ್ಲಿ ಸಿಕ್ಕಿಕೊಂಡದ್ದು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಸಂಜೆ ಕಲ್ಯಾಣ ಮಂಟಪದಲ್ಲಿ ಹಾಡು ಶುರುವಾಯಿತು. ಧನ್ಯಕುಮಾರ ಜೀವ ಬಿಟ್ಟು ಬಾರಿಸಿದ. ಡ್ರಮ್ಮಿನವನು ಬಗ್ಗಿ, “ಲೇ, ಗಿಟಾರ್ ಚಾಲೂ ಮಾಡು,” ಎಂದು ಗದರಿದ. ತಾನು ಆಗಲೇ ಎರಡು ಹಾಡು ಬಾರಿಸಿದ್ದೇನೆಂದು ಹೇಳಲು ಅವನಿಗೆ ನಾಚಿಕೆಯಾಯಿತು. ಮುಂದಿನ ಸಾಲಿನಲ್ಲಿ ಮಯೂರಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಅವನಿಗೆ ಅಳುವೇ ಬಂತು.

ಕಾರ್ಯಕ್ರಮ ಮುಗಿದ ಮೇಲೆ ದಾದಾಸಾಹೇಬರು ವೇದಿಕೆಯ ಹತ್ತಿರ ಬಂದರು. ಮುಖದ ತುಂಬ ನಗು.

“ಗಿಟಾರಿನ ಹುಡುಗ ಅಂದ್ರ ಗದ್ದಲದಾಂವ ಇರ್ತಾನಂತ ಅಂಜಿದ್ನಿ. ನೀವು ಒಟ್ಟ ಸಪ್ಪಳ ಮಾಡಲಿಲ್ಲ. ಭಾಳ ಸಮಾಧಾನದ ಹುಡುಗ! ನಂದೇನೋ ಒಪ್ಪಿಗಿ ಐತ್ರಿ.”

ಧನ್ಯಕುಮಾರನ ಎದೆ ಹಿಗ್ಗಿತು. ಜತೆಗೆ ಬಂದಿದ್ದ ತಾರಾಬಾಯಿ ‘ನೋಡಿದೆಯಾ’ ಎಂಬಂತೆ ಹುಬ್ಬು ಕುಣಿಸಿದರು.

ಮಯೂರಿ ಮಾತ್ರ ನಗಲಿಲ್ಲ. “ಹ್ವಾದ ವರ್ಷ ಹಿಡಕಲ್‌ದಾಗ ಮಾವಶಿ ಮನಿಗೆ ಹೋಗಿದ್ನಿರಿ. ಡ್ಯಾಮಿನ ಸ್ಟಾಫಿನೋರ ಕಾರ್ಯಕ್ರಮದಾಗ ಯಾರೋ ಗಿಟಾರ್ ಬಾರಸಾಕತ್ತಿದ್ರು. ಮುಖಾ ಕಾಣಲಿಲ್ಲ. ದನಿ ಮಾತ್ರ ನೀರು ದಾಟಿ ಬಂದು ಎದಿಗೆ ನೆಟ್ಟಂಗ ಆತು. ಮದವಿ ಆದ್ರ ಅವರನ್ನಽ ಅಂತ ಅಪ್ಪಾಗ ಹೇಳೀನಿ. ಇದಽ ಆರ್ಕೆಸ್ಟ್ರಾ ಅಂತ ತಿಳಿದು ಬಂದ್ವಿ. ಅವರು ನೀವಽ ಏನ್ರಿ?”

“ನಾನಽ ರಿ! ಖರೆ, ನಾನಽ!”

“ಹಂಗಾರ ಈಗೊಮ್ಮಿ ಬಾರಸ್ರಿ.”

ಅವನು ಮೀಟಿದ. ಗೋಣಿಚೀಲದೊಳಗಿಂದ ಯಾರೋ ಗುದ್ದಿದಂತೆ ‘ಡುಬ್’ ಎಂದಿತು. ಮಯೂರಿ ತಲೆ ತಗ್ಗಿಸಿದಳು.

“ಕಾಕು, ನೀವರೆ ಹೇಳ್ರಿ!” ಎಂದು ಧನ್ಯಕುಮಾರ ಗೋಗರೆದ.

ತಾರಾಬಾಯಿ ಸೆರಗು ಸರಿಪಡಿಸಿಕೊಂಡು ಮುಂದೆ ಬಂದರು. “ಛೇ ಛೇ! ಎದಿಗೆ ನೆಡೂವಂಗ ಚೀರೂದು ನಮ್ಮ ಹುಡುಗ ಹುಟ್ಟಿದಾಗಿಂದ ಬಾರ್ಸಿಲ್ರಿ. ನಾ ಬಾಜೂ ಮನ್ಯಾಕಿ, ನನಗ ಗೊತ್ತಿಲ್ಲೇನು?”

ಮಯೂರಿ ಕೈ ಮುಗಿದು ಹೊರಗೆ ನಡೆದಳು. ದಾದಾಸಾಹೇಬರು ಧನ್ಯಕುಮಾರನ ಹೆಗಲ ಮೇಲೆ ಕೈಯಿಟ್ಟರು.

“ಮನಸಿಗೆ ಹಚ್ಕೋಬ್ಯಾಡ್ರಿ. ನನಗ ನೀವು ಭಾಳ ಹಿಡಿಸಿದ್ರಿ, ಆದ್ರ ಇಕಿ ಹಟಾ ಬಿಡಂಗಿಲ್ಲ. ನೀವೂ ಇದಽ ಲೈನಿನ್ಯಾಗ ಇದ್ದೀರಿ. ಆ ಹಿಡಕಲ್ಲಿನ ಹುಡುಗ ಯಾರಂತ ಒಂದೀಟು ಹುಡುಕಿ ಕೊಡ್ರಿ.”

ಧನ್ಯಕುಮಾರ ಬಾಯಿ ತೆರೆಯುವಷ್ಟರಲ್ಲಿ ತಾರಾಬಾಯಿ ಉತ್ತರ ಕೊಟ್ಟಾಗಿತ್ತು.

“ಹುಡುಕ್ತಾನ ತಗೋರಿ. ಬೇಕಾರ ಅವನ ಕೂಡ ನಾನೂ ಹೋಗ್ತೀನಿ.”